ಕೈಮುಗಿದಾಗ ಕಾಣುವ ಗುರುತು: ಧೂಮಪಾನ, ಮಧುಮೇಹ ಮತ್ತು ಚರ್ಮ

ದೇಹದ ಒಳಗೆ ನಡೆಯುವ ಅನೇಕ ವ್ಯಾಪಾರಗಳಿಗೆ ಚರ್ಮವೇ ಕನ್ನಡಿ. ಯಕೃತ್ತು ಕೆಟ್ಟರೆ ಹಳದಿಯಾಗುತ್ತದೆ, ರಕ್ತ ಕುಂದಿದರೆ ಬಿಳಿಚಿಕೊಳ್ಳುತ್ತದೆ. ಆದುದರಿಂದಲೇ ನಮ್ಮ ಪ್ರಾಚೀನ ವೈದ್ಯರು ರೋಗಿಯನ್ನು ಮುಟ್ಟಿ, ನೋಡಿ, ಪ್ರಶ್ನಿಸಿ ಪರೀಕ್ಷಿಸಬೇಕೆಂದು ವಿಧಿಸಿದರು. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಈ ಮೂರರಲ್ಲಿ ಮೊದಲ ಎರಡಕ್ಕೂ ಚರ್ಮವೇ ಆಧಾರ. ಮೂರನೆಯದನ್ನು ಮರೆತರೆ ಏನಾಗುತ್ತದೆಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಆ ಪ್ರಸಂಗದಿಂದಲೇ ಈ ಲೇಖನವನ್ನು ಆರಂಭಿಸುತ್ತೇನೆ.

ಗಂಜಾಂನ ನನ್ನ ಚಿಕಿತ್ಸಾಲಯಕ್ಕೆ ಪಾಂಡವಪುರದ ಕಡೆಯಿಂದ ಕಬ್ಬು ಬೆಳೆಯುವ ರೈತರೊಬ್ಬರು ಹಲವು ವರ್ಷಗಳಿಂದ ಬರುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಮಧುಮೇಹವಿದ್ದರೂ ಶಿಸ್ತಿನ ಮನುಷ್ಯ. ಅನ್ನ ಕಡಿಮೆ ಮಾಡಿದ್ದರು, ಬೆಲ್ಲ ಬಿಟ್ಟಿದ್ದರು, ಮಾತ್ರೆ ತಪ್ಪಿಸುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಏಳರ ಒಳಗೇ ಇರುತ್ತಿತ್ತು. "ನಿಮ್ಮಂತೆ ಎಲ್ಲರೂ ಇದ್ದರೆ ನನಗೆ ಕೆಲಸವೇ ಇರುವುದಿಲ್ಲ" ಎಂದು ನಾನು ಬೆನ್ನು ತಟ್ಟಿ ಕಳುಹಿಸುತ್ತಿದ್ದೆ. ಒಂದು ದಿನ ಅವರ ಪತ್ನಿ ಗಾಬರಿಯಿಂದ ಕರೆತಂದರು. ಬಲಗಾಲಿನ ಹೆಬ್ಬೆರಳಿನ ಪಕ್ಕದ ಎರಡು ಬೆರಳುಗಳು ಕಪ್ಪಾಗಿದ್ದವು. ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿದ ಸಣ್ಣ ಗಾಯ, ಐದು ವಾರವಾದರೂ ಮಾಗಿರಲಿಲ್ಲ. ಆಗ ನಾನು ಅವರ ಕೈಯನ್ನು ಹಿಡಿದು ನೋಡಿದೆ. ತೋರುಬೆರಳು, ನಡುಬೆರಳುಗಳ ತುದಿ ಅರಿಸಿನ ಕಂದು ಬಣ್ಣಕ್ಕೆ ತಿರುಗಿತ್ತು.

"ಬೀಡಿ ಸೇದುತ್ತೀರಾ?" ಎಂದು ಕೇಳಿದೆ.

"ದಿನಕ್ ಒಂದ್ ಕಟ್ಟು ಅಷ್ಟೇ ಸ್ವಾಮಿ. ನೀವು ಯಾವತ್ತೂ ಕೇಳ್ನಿಲ್ವಲ್ಲ" ಎಂದರು.

ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಹಲವು ವರ್ಷ ಆ ಕೈಯ ನಾಡಿ ಹಿಡಿದಿದ್ದೆ. ಬೆರಳ ತುದಿಯನ್ನು ನೋಡಿರಲಿಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವರ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಸಕ್ಕರೆಯ ಅಂಕಿ ಸರಿಯಿದ್ದರೂ ದೇಹ ಒಳಗೊಳಗೇ ಹೇಗೆ ಸವೆಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿ ತಿಳಿದುದನ್ನು ಭಕ್ತರ ಮುಂದೆ ಇಡುತ್ತಿದ್ದೇನೆ.

ಸಕ್ಕರೆಗಂಟು ಎಂದರೇನು?

ಹಾಲನ್ನು ಬಾಣಲೆಯಲ್ಲಿ ಬಹುಹೊತ್ತು ಕಾಯಿಸಿ ಖೋವ ಮಾಡುವಾಗ ಬಿಳಿಯ ಹಾಲು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುವುದನ್ನು ತಾಯಂದಿರು ಬಲ್ಲರು. ಹಾಲಿನಲ್ಲಿರುವ ಸಕ್ಕರೆಯ ಅಂಶವು ಅದೇ ಹಾಲಿನ ಪ್ರೋಟೀನಿನೊಡನೆ ಶಾಖದಲ್ಲಿ ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ನಮ್ಮ ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಹೊಂಬಣ್ಣಕ್ಕೆ, ಮತ್ತೆ ಕೆಂಪು ಕಂದಿಗೆ ತಿರುಗುವಲ್ಲಿಯೂ ಈ ಕ್ರಿಯೆಗೆ ಒಂದು ಪಾಲಿದೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಎಂಬ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದರು.

ಇದೇ ಕ್ರಿಯೆ ನಮ್ಮ ಮೈಯೊಳಗೂ ನಡೆಯುತ್ತದೆ. ಅಲ್ಲಿ ಒಲೆಯಿಲ್ಲ, ದೇಹದ ಸಹಜ ಶಾಖವಷ್ಟೇ ಇದೆ. ಆದುದರಿಂದ ಒಲೆಯ ಮೇಲೆ ಗಂಟೆಗಳಲ್ಲಿ ಆಗುವುದು ದೇಹದಲ್ಲಿ ವರ್ಷಗಳನ್ನು ತೆಗೆದುಕೊಳ್ಳುತ್ತದೆ. ರಕ್ತದ ಸಕ್ಕರೆ ಪ್ರೋಟೀನಿಗೆ ಅಂಟಿ, ಹಲವು ಹಂತಗಳನ್ನು ದಾಟಿ, ಕೊನೆಗೆ ಮರಳಿ ಬಿಡಿಸಲಾಗದ ಸಂಯುಕ್ತವಾಗುತ್ತದೆ. ಇವಕ್ಕೆ ಅಡ್ವಾನ್ಸ್‌ಡ್ ಗ್ಲೈಕೇಶನ್ ಎಂಡ್ ಪ್ರಾಡಕ್ಟ್ಸ್ ಎಂದು ಹೆಸರು. ಈ ಲೇಖನದಲ್ಲಿ ಅನುಕೂಲಕ್ಕಾಗಿ ಇವನ್ನು 'ಸಕ್ಕರೆಗಂಟು' ಎಂದು ಕರೆಯೋಣ.

ಚರ್ಮ, ರಕ್ತನಾಳ, ಸ್ನಾಯುಬಂಧಗಳಿಗೆ ಬಲವನ್ನೂ ಬಾಗುವ ಗುಣವನ್ನೂ ಕೊಡುವ ಪ್ರೋಟೀನ್ ಕೊಲಾಜೆನ್. ಇದನ್ನು ಹಗ್ಗದ ಎಳೆಗಳೆಂದು ಭಾವಿಸಿ. ಎಳೆಗಳು ಒಂದರ ಮೇಲೊಂದು ಜಾರಿದರೆ ಹಗ್ಗ ಬಾಗುತ್ತದೆ. ಸಕ್ಕರೆಗಂಟುಗಳು ಎಳೆ ಎಳೆಯನ್ನೂ ಬೆಸೆದುಬಿಟ್ಟರೆ ಹಗ್ಗ ಕೋಲಿನಂತೆ ಬಿಗಿಯುತ್ತದೆ. ರಕ್ತನಾಳ ಪೆಡಸಾಗುವುದು, ಮೂತ್ರಪಿಂಡದ ಶೋಧಕಗಳು ದಪ್ಪವಾಗುವುದು, ಕಣ್ಣಿನ ಮಸೂರ ಮಬ್ಬಾಗುವುದು, ಕೀಲು ಬಿಗಿಯುವುದು, ಇವೆಲ್ಲದರಲ್ಲಿಯೂ ಈ ಗಂಟುಗಳ ಕೈವಾಡವಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಚ್‌ಬಿಎ1ಸಿ ಪರೀಕ್ಷೆಯೂ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನೇ ಅಳೆಯುತ್ತದೆ. ಆದರೆ ಅದು ನೋಡುವುದು ಕೆಂಪು ರಕ್ತಕಣವನ್ನು. ಆ ಕಣದ ಆಯುಸ್ಸು ಸುಮಾರು 120 ದಿನ. ಹೀಗಾಗಿ ಕಳೆದ ಎರಡು ಮೂರು ತಿಂಗಳ ಕಥೆಯನ್ನಷ್ಟೇ ಅದು ಹೇಳಬಲ್ಲದು. ಚರ್ಮದ ಕೊಲಾಜೆನ್ ಹಾಗಲ್ಲ. ಅದರ ಅರ್ಧಭಾಗ ಬದಲಾಗಲು ಸುಮಾರು 15 ವರ್ಷ ಬೇಕು. ಎಚ್‌ಬಿಎ1ಸಿ ಅಂಗಡಿಯ ಈ ತಿಂಗಳ ಲೆಕ್ಕವಾದರೆ, ಚರ್ಮ ಹಲವು ವರ್ಷಗಳ ಹಳೆಯ ಬಾಕಿಯ ಖಾತೆ. ನನ್ನ ರೋಗಿಯ ತಿಂಗಳ ಲೆಕ್ಕ ಚೊಕ್ಕಟವಾಗಿತ್ತು. ಹಳೆಯ ಖಾತೆಯನ್ನು ತೆರೆದು ನೋಡಿದವರು ಯಾರೂ ಇರಲಿಲ್ಲ.

ಹೊಗೆಯಿಂದ ಗಂಟು

ಸಕ್ಕರೆ ಕಾಯಿಲೆಯಿಂದ ಸಕ್ಕರೆಗಂಟು ಆಗುವುದು ಸರಿ, ಬೀಡಿ ಸಿಗರೇಟಿಗೂ ಅದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು.

ನಮ್ಮ ನೆರೆಯ ಹುಣಸೂರು, ಪಿರಿಯಾಪಟ್ಟಣದ ಕಡೆಗೆ ಹೋದರೆ ಊರೂರಿಗೂ ಹೊಗೆಸೊಪ್ಪಿನ ಬ್ಯಾರನ್‌ಗಳು ಕಾಣುತ್ತವೆ. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ ಒಳಗೆ ತೂಗುಹಾಕಿ, ದಿನಗಟ್ಟಲೆ ಬಿಸಿಗಾಳಿಯಲ್ಲಿ ಹದಗೊಳಿಸುತ್ತಾರೆ. ಆ ಹದದಲ್ಲಿ ಎಲೆಯ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಕ್ಕರೆ ಎಲೆಯಲ್ಲಿರುವ ಪ್ರೋಟೀನಿನ ಅಂಶದೊಡನೆ ಕೂಡಿ ಮಯಾರ್ ಹೇಳಿದ ಕ್ರಿಯೆ ಅಲ್ಲಿಯೇ ಆರಂಭವಾಗುತ್ತದೆ. ಹದಗೊಂಡ ಎಲೆಯ ಬಣ್ಣ, ಪರಿಮಳಗಳಲ್ಲಿ ಇದರ ಪಾಲೂ ಇದೆ. ಅಂತಹ ಎಲೆಗೆ ಬೆಂಕಿ ಹಚ್ಚಿ ಎಳೆದಾಗ, ಸಕ್ಕರೆಗಂಟು ಕಟ್ಟಲು ಸಿದ್ಧವಾಗಿರುವ ಚುರುಕಾದ ಕಣಗಳು ಹೊಗೆಯೊಡನೆ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ. ತಂಬಾಕಿನ ಹೊಗೆಯೇ ಇಂತಹ ಕಣಗಳ ಮೂಲವೆಂಬುದನ್ನು ಅಮೆರಿಕದ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಧೂಮಪಾನಿಗಳ ಕಣ್ಣಿನ ಮಸೂರದಲ್ಲಿಯೂ ರಕ್ತನಾಳಗಳಲ್ಲಿಯೂ ಈ ಗಂಟುಗಳು ಹೆಚ್ಚಿರುವುದು ಅನಂತರ ಕಂಡುಬಂದಿತು. ಮಧುಮೇಹ ಇಲ್ಲದಿದ್ದರೂ ಸೇದುವವರ ಮೈಯಲ್ಲಿ ಗಂಟು ಬೆಳೆಯುತ್ತದೆಂಬುದು ಇದರ ತಾತ್ಪರ್ಯ. ಮಧುಮೇಹಿಯೇ ಸೇದಿದರೆ ಒಂದೇ ಕೆರೆಗೆ ಎರಡು ತೂಬುಗಳಿಂದ ಕೊಳಚೆ ಬಿಟ್ಟಂತೆ.

ಹೊಗೆಯ ಹಾನಿ ಇಷ್ಟಕ್ಕೆ ಮುಗಿಯದು. ನಿಕೋಟಿನ್ ಚರ್ಮದ ಕಿರುನಾಳಗಳನ್ನು ಕುಗ್ಗಿಸುತ್ತದೆ. ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಉಸಿರಿನ ಪಾಲನ್ನು ಕಸಿಯುತ್ತದೆ. ಕೊಲಾಜೆನ್ ಕತ್ತರಿಸುವ ಕಿಣ್ವ ಧೂಮಪಾನಿಗಳ ಚರ್ಮದಲ್ಲಿ ಹೆಚ್ಚು, ಅದನ್ನು ಹೊಸದಾಗಿ ನೇಯಲು ಬೇಕಾದ ಸಿ ಜೀವಸತ್ವ ಕಡಿಮೆ. ಧೂಮಪಾನಿಗಳಿಗೆ ಹೊಸದಾಗಿ ಮಧುಮೇಹ ಬರುವ ಸಾಧ್ಯತೆಯೂ ಸೇದದವರಿಗಿಂತ ಶೇಕಡ 30ರಿಂದ 40ರಷ್ಟು ಅಧಿಕವೆಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳುತ್ತದೆ.

"ಸಿಗರೇಟು ಕೆಟ್ಟದ್ದು, ಬೀಡಿ ಎಲೆಯದಲ್ಲವೇ" ಎಂಬ ಸಮಾಧಾನವನ್ನು ನಾನು ಹಳ್ಳಿಗಳಲ್ಲಿ ಬಹಳ ಕೇಳಿದ್ದೇನೆ. ಬೀಡಿ ಬೇಗ ಆರುತ್ತದೆ. ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಅದರಿಂದ ಒಳಹೋಗುವ ವಿಷ ಸಿಗರೇಟಿಗಿಂತ ಕಡಿಮೆಯೇನಲ್ಲ.

ಚರ್ಮದ ಮೇಲೆ ಬೆಳಕು

ಸಕ್ಕರೆಗಂಟುಗಳಲ್ಲಿ ಕೆಲವಕ್ಕೆ ಒಂದು ವಿಶೇಷ ಗುಣವಿದೆ. ಅತಿನೇರಳೆ ಬೆಳಕು ಬಿದ್ದರೆ ಅವು ಮಂದವಾಗಿ ಹೊಳೆಯುತ್ತವೆ. ನೆದರ್‌ಲೆಂಡ್ಸ್ ದೇಶದ ಗ್ರೋನಿಂಗನ್ ವಿಶ್ವವಿದ್ಯಾಲಯದ ವೈದ್ಯರು ಈ ಗುಣವನ್ನೇ ಬಳಸಿ, ಮುಂಗೈಯ ಒಳಭಾಗದ ಚರ್ಮಕ್ಕೆ ಬೆಳಕು ಹಾಯಿಸಿ ಮರಳಿ ಬರುವ ಹೊಳಪನ್ನು ಅಳೆಯುವ ಯಂತ್ರವನ್ನು ರೂಪಿಸಿದರು. 2004ರಲ್ಲಿ ಇದರ ವಿವರ ಪ್ರಕಟವಾಯಿತು. ಸೂಜಿ ಬೇಡ, ರಕ್ತ ಬೇಡ.

ಅದೇ ದೇಶದ ಉತ್ತರ ಭಾಗದಲ್ಲಿ ಸುಮಾರು 73 ಸಾವಿರ ಜನರ ಚರ್ಮವನ್ನು ಹೀಗೆ ಅಳೆದು, ಅವರನ್ನು ಕೆಲವು ವರ್ಷ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಹೊರತಂದರು. ಹೊಳಪು ಹೆಚ್ಚಿದ್ದವರಲ್ಲಿ ಮುಂದೆ ಮಧುಮೇಹ, ಹೃದ್ರೋಗ ಹಾಗೂ ಮರಣದ ಸಂಭವ ಹೆಚ್ಚಾಗಿತ್ತು. ವಯಸ್ಸಿನೊಡನೆ ಈ ಹೊಳಪು ಎಲ್ಲರಲ್ಲಿಯೂ ಏರುತ್ತದೆ. ಆದರೆ ಅದೇ ವಯಸ್ಸಿನ ಸೇದದವರಿಗಿಂತ ಸೇದುವವರಲ್ಲಿ ಅದು ಹೆಚ್ಚು. ಅಂದರೆ ಅವರ ಚರ್ಮ ಜನ್ಮಪತ್ರಿಕೆಗಿಂತ ಮುಂದೆ ಓಡಿರುತ್ತದೆ.

ಈ ಯಂತ್ರದ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಪ್ಪು ಮೈಬಣ್ಣದ ಚರ್ಮ ಬೆಳಕನ್ನು ತಾನೇ ಹೀರಿಕೊಳ್ಳುವುದರಿಂದ ಅಳತೆ ತಪ್ಪುವ ಸಂಭವವಿದೆ. ನಮ್ಮ ನಾಡಿನ, ಬಿಸಿಲಲ್ಲಿ ದುಡಿಯುವ ರೈತರ ಮುಂಗೈಗೆ ಅದರ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನನ್ನ ಚಿಕಿತ್ಸಾಲಯದಲ್ಲಿ ಅದು ಇಲ್ಲ. ಅದಿಲ್ಲವೆಂದು ಕೊರಗುವ ಅಗತ್ಯವೂ ಇಲ್ಲ.

ಮನೆಯಲ್ಲಿಯೇ ನೋಡಬಹುದಾದ ಗುರುತುಗಳು

ಮೊದಲನೆಯದು, ಮಠಕ್ಕೆ ಬಂದ ಪ್ರತಿಯೊಬ್ಬರೂ ಮಾಡುವ ಕ್ರಿಯೆಯಲ್ಲಿಯೇ ಇದೆ: ಕೈಮುಗಿಯುವುದು. ಎರಡು ಅಂಗೈಗಳನ್ನೂ ಎದೆಯ ಮುಂದೆ ಜೋಡಿಸಿ, ಮೊಣಕೈಗಳನ್ನು ಅಗಲಿಸಿ, ಬೆರಳುಗಳನ್ನು ಒತ್ತಿರಿ. ಬೆರಳುಗಳ ಗಿಣ್ಣುಗಳು ಒಂದಕ್ಕೊಂದು ಪೂರ್ತಿ ತಾಗಬೇಕು. ತಾಗದೆ ನಡುವೆ ಬಾವಿಯಂತೆ ಸಂದು ಉಳಿದರೆ, ಕೈಯ ಕೊಲಾಜೆನ್ ಬಿಗಿದಿರಬಹುದು. ಮಧುಮೇಹ ಹಳೆಯದಾದವರಲ್ಲಿ ಕಾಣುವ ಈ ಲಕ್ಷಣಕ್ಕೆ ವೈದ್ಯರು ಪ್ರಾರ್ಥನೆಯ ಚಿಹ್ನೆ ಎಂದೇ ಹೆಸರಿಟ್ಟಿದ್ದಾರೆ. ಸಂಧಿವಾತದಲ್ಲಿಯೂ ಹೀಗಾಗಬಹುದು, ಆದುದರಿಂದ ಭಯಪಡದೆ ವೈದ್ಯರಿಗೆ ತೋರಿಸಿ.

ಎರಡನೆಯದು, ಕತ್ತಿನ ಹಿಂಭಾಗ, ಕಂಕುಳುಗಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುವುದು. ಇದನ್ನು ಕೊಳೆಯೆಂದು ತಿಳಿದು ಮಕ್ಕಳ ಕತ್ತನ್ನು ಉಜ್ಜುವ ತಾಯಂದಿರಿದ್ದಾರೆ. ಬಹುಪಾಲು ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಮುನ್ಸೂಚನೆ.

ಮೂರನೆಯದು, ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಏಳುವ, ನೋವಿಲ್ಲದ ಕಂದು ಮಚ್ಚೆಗಳು. ನಾಲ್ಕನೆಯದು, ಪಾದದ ಚರ್ಮ ಕೂದಲುದುರಿ ನುಣುಪಾಗಿ, ತಣ್ಣಗಾಗಿ, ಸಣ್ಣ ಗಾಯವೂ ಎರಡು ವಾರವಾದರೂ ಮಾಗದಿರುವುದು. ಇದು ರಕ್ತಸಂಚಾರ ಕುಂದಿದ ಲಕ್ಷಣ, ತಡಮಾಡುವಂತಿಲ್ಲ.

ಐದನೆಯದು ಮುಖ. ಬಾಯಿಯ ಸುತ್ತ, ಕಣ್ಣಿನ ಅಂಚಿನಲ್ಲಿ ಕಿರಣದಂತೆ ಹರಡಿದ ಗೆರೆಗಳು, ಬತ್ತಿದ ಕೆನ್ನೆ, ಬೂದುಬಣ್ಣ. ಬ್ರಿಟನ್ನಿನ ಡಗ್ಲಸ್ ಮಾಡೆಲ್ ಎಂಬ ವೈದ್ಯರು 1985ರಲ್ಲಿಯೇ ಇದನ್ನು ಧೂಮಪಾನಿಯ ಮುಖವೆಂದು ಗುರುತಿಸಿ ಬರೆದರು. ಇದರೊಡನೆ ಬೆರಳ ತುದಿಯ ಹಳದಿ ಕಲೆಯನ್ನೂ ಸೇರಿಸಿಕೊಳ್ಳಿ. ನಾನು ನೋಡದೆ ಬಿಟ್ಟದ್ದು ಅದನ್ನೇ.

ಚರಕರು ಧೂಮಪಾನವನ್ನು ಹೇಳಿಲ್ಲವೇ?

ಆಯುರ್ವೇದ ವೈದ್ಯನಾದ ನನಗೆ ಕೆಲವರು ನಗುತ್ತಾ ಈ ಪ್ರಶ್ನೆ ಹಾಕುತ್ತಾರೆ. ಹೌದು, ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮಪಾನದ ವಿಧಿಯಿದೆ. ಅಲ್ಲಿ ಹೇಳಿರುವುದು ಸುಗಂಧದ ಮೂಲಿಕೆಗಳನ್ನು ಅರೆದು ಬತ್ತಿ ಮಾಡಿ, ತುಪ್ಪ ಸವರಿ, ನಿಯತ ಕಾಲಗಳಲ್ಲಿ ಮಿತವಾಗಿ ಎಳೆಯುವ ಔಷಧ ಧೂಮ. ತಂಬಾಕು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಆ ಗಿಡ ಅಮೆರಿಕ ಖಂಡದ್ದು. ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದದ್ದು.

ಅದೇ ಅಧ್ಯಾಯವನ್ನು ಮುಂದೆ ಓದಿದರೆ ಅಕಾಲದಲ್ಲಿ, ಅತಿಯಾಗಿ ಎಳೆದ ಧೂಮದಿಂದ ಕಿವುಡು, ಕುರುಡು, ಮೂಕತನ, ರಕ್ತಪಿತ್ತ, ತಲೆ ಸುತ್ತುವಿಕೆಗಳು ಬರುತ್ತವೆಂಬ ಎಚ್ಚರಿಕೆಯಿದೆ. ಇನ್ನೂ ಮುಖ್ಯವಾದುದು ಯಾರು ಧೂಮವನ್ನು ಎಳೆಯಬಾರದೆಂಬ ಪಟ್ಟಿ. ಆ ಪಟ್ಟಿಯಲ್ಲಿ ಗರ್ಭಿಣಿಯರಿದ್ದಾರೆ, ಕ್ಷೀಣರಾದವರಿದ್ದಾರೆ, ಗಾಯಗೊಂಡವರಿದ್ದಾರೆ. ಮೇಹ ರೋಗಿಗಳೂ ಇದ್ದಾರೆ. ಔಷಧದ ಹೊಗೆಯೇ ಮೇಹಿಗೆ ನಿಷಿದ್ಧವಾಗಿರುವಾಗ ತಂಬಾಕಿನ ಹೊಗೆಗೆ ಚರಕರ ಅಪ್ಪಣೆ ಕೇಳುವುದು ಸಲ್ಲದು. ಈ ಸಾಲನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ರೋಗಿಯ ಎದುರು ಕುಳಿತಾಗ ನೆನಪಾಗಲಿಲ್ಲ.

ಬಿಟ್ಟರೆ ಗಂಟು ಕರಗುವುದೇ?

ಕಟ್ಟಿದ ಗಂಟನ್ನು ಬಿಡಿಸುವ ಔಷಧ ಇಂದು ಯಾವ ಪದ್ಧತಿಯಲ್ಲಿಯೂ ಸಿದ್ಧವಾಗಿಲ್ಲ. ಹಾಗೆಂದು ಯಾರಾದರೂ ಚೂರ್ಣ, ಲೇಹ್ಯ ಮಾರಿದರೆ ನಂಬಬೇಡಿ. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಮೇಹಕ್ಕೆ ನೆಲ್ಲಿ ಮತ್ತು ಅರಿಸಿನ ಶ್ರೇಷ್ಠವೆಂದು ಅಷ್ಟಾಂಗಹೃದಯ ಹೇಳುತ್ತದೆ, ನಾನೂ ಕೊಡುತ್ತೇನೆ. ಆದರೆ ಒಂದು ಕೈಯಲ್ಲಿ ನೆಲ್ಲಿಚೂರ್ಣ, ಇನ್ನೊಂದರಲ್ಲಿ ಬೀಡಿ ಹಿಡಿದರೆ ಫಲವಿಲ್ಲ.

ಸಮಾಧಾನದ ಸಂಗತಿಯೂ ಇದೆ. ಕೊಲಾಜೆನ್ ನಿಧಾನವಾಗಿಯಾದರೂ ಬದಲಾಗುತ್ತದೆ. ಹೊಸ ಗಂಟು ಕಟ್ಟುವುದು ಕಡಿಮೆಯಾದರೆ ಹಳೆಯ ಎಳೆ ಹೋಗಿ ಹೊಸ ಎಳೆ ಬರುತ್ತದೆ. ನೆದರ್‌ಲೆಂಡ್ಸ್‌ನ ಅದೇ ಅಧ್ಯಯನ ಸಮೂಹದಲ್ಲಿ, ಧೂಮಪಾನ ಬಿಟ್ಟವರ ಚರ್ಮದ ಹೊಳಪು ವರ್ಷ ಕಳೆದಂತೆ ಇಳಿಯುತ್ತಾ, ಸುಮಾರು 15 ವರ್ಷಗಳಲ್ಲಿ ಎಂದೂ ಸೇದದವರ ಮಟ್ಟದ ಸಮೀಪಕ್ಕೆ ಬಂದಿತ್ತು. ರಕ್ತದಿಂದ ಇಂಗಾಲದ ಮೊನಾಕ್ಸೈಡ್ ಹೊರಹೋಗಲು ಒಂದೆರಡು ದಿನ ಸಾಕು. ಹೃದಯಾಘಾತದ ಅಪಾಯ ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ.

ಬಿಡಬೇಕೆಂದಿರುವವರಿಗೆ

1. ದಿನವನ್ನು ನಿಶ್ಚಯಿಸಿ, ಮನೆಯವರ ಎದುರು ಹೇಳಿ. ಬೀಡಿ ಕಟ್ಟು, ಬೆಂಕಿಪೊಟ್ಟಣಗಳನ್ನು ಜೇಬಿನಿಂದಲೂ ಗದ್ದೆಯ ಪಂಪ್‌ಸೆಟ್ ಮನೆಯಿಂದಲೂ ತೆಗೆಯಿರಿ.

2. ಸೇದಬೇಕೆಂಬ ಚಡಪಡಿಕೆ ಕೆಲವು ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ಆ ಹೊತ್ತಿಗೆ ಲವಂಗ, ಏಲಕ್ಕಿ, ಸೋಂಪು ಅಥವಾ ಒಣಶುಂಠಿಯ ಚೂರು ಬಾಯಲ್ಲಿರಲಿ. ಒಂದು ಲೋಟ ನೀರು ಕುಡಿದು ಹತ್ತು ಬಾರಿ ದೀರ್ಘವಾಗಿ ಉಸಿರಾಡಿ. ಕಡ್ಡಿಪುಡಿ, ಗುಟ್ಕಾಗಳಿಗೆ ತಿರುಗಬೇಡಿ.

3. ಚಡಪಡಿಕೆ ತೀವ್ರವಿದ್ದರೆ ವೈದ್ಯರನ್ನು ಕಂಡು ನಿಕೋಟಿನ್ ಚೂಯಿಂಗ್ ಗಮ್ ಮೊದಲಾದ ಸಹಾಯ ಪಡೆಯಿರಿ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

4. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರಬಹುದು, ಸಕ್ಕರೆಯೂ ಕೆಲಕಾಲ ಏರುಪೇರಾಗಬಹುದು. ಇದನ್ನು ಕಂಡು ಮತ್ತೆ ಬೀಡಿ ಹಿಡಿಯಬೇಡಿ. ಪರೀಕ್ಷೆ ಮಾಡಿಸಿ, ಔಷಧದ ಪ್ರಮಾಣವನ್ನು ವೈದ್ಯರು ಸರಿಪಡಿಸುತ್ತಾರೆ. ನಡೆಯುತ್ತಿರುವ ಅಲೋಪತಿ ಮಾತ್ರೆ, ಇನ್ಸುಲಿನ್‌ಗಳನ್ನು ನೀವಾಗಿ ನಿಲ್ಲಿಸಬೇಡಿ.

5. ಕರಿದ, ಹುರಿದ, ಸುಟ್ಟ ಪದಾರ್ಥಗಳಲ್ಲಿ ಸಕ್ಕರೆಗಂಟು ಹೆಚ್ಚು. ನೀರಿನಲ್ಲಿ ಬೇಯಿಸಿದುದರಲ್ಲಿ ಕಡಿಮೆ. ನಮ್ಮ ರಾಗಿಮುದ್ದೆ, ಸೊಪ್ಪಿನ ಸಾರು ಈ ದೃಷ್ಟಿಯಿಂದಲೂ ಒಳ್ಳೆಯ ಊಟ. ಮುದ್ದೆಯ ಗಾತ್ರ ಮಾತ್ರ ಮಿತವಾಗಿರಲಿ.

6. ರಾತ್ರಿ ಮಲಗುವ ಮುನ್ನ ಪಾದ ತೊಳೆದು, ಒರೆಸಿ, ಬೆರಳ ಸಂದುಗಳನ್ನು ಬಿಟ್ಟು ಕೊಬ್ಬರಿ ಎಣ್ಣೆ ಸವರಿ. ಆ ನೆಪದಲ್ಲಿ ಗಾಯವಿದೆಯೇ ಎಂದು ದಿನವೂ ನೋಡಿದಂತಾಗುತ್ತದೆ. ಗದ್ದೆಗೆ ಬರಿಗಾಲಲ್ಲಿ ಇಳಿಯಬೇಡಿ.

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಈ ಎರಡು ಗುಂಪುಗಳೂ ಕೂಡುವ ಮನೆ ನಮ್ಮ ಬೀದಿಯಲ್ಲಿಯೇ ಇರಬಹುದು, ನಮ್ಮದೇ ಆಗಿರಬಹುದು.

ಆ ರೈತರು ಇಂದಿಗೂ ನನ್ನಲ್ಲಿಗೆ ಬರುತ್ತಾರೆ. ಬೆರಳು ತೆಗೆದ ದಿನದಿಂದ ಬೀಡಿ ಮುಟ್ಟಿಲ್ಲ, ಆರು ವರ್ಷವಾಯಿತು. ಕೈಬೆರಳ ಕಲೆ ಮಾಯವಾಗಿದೆ. ಉಳಿದ ಬೆರಳುಗಳು ಬೆಚ್ಚಗಿವೆ. ಕೈಮುಗಿದಾಗ ಗಿಣ್ಣುಗಳ ನಡುವೆ ಸ್ವಲ್ಪ ಸಂದು ಉಳಿದಿದೆ, ಅದು ಪೂರ್ತಿ ಹೋಗಲಿಕ್ಕಿಲ್ಲ. ಕಳೆದ ಬಾರಿ ಅವರು ತಮ್ಮ ಜೊತೆ ಇಪ್ಪತ್ತೆಂಟು ವರ್ಷದ ಮಗನನ್ನು ಕರೆತಂದು, "ಇವನ ಕೈನೂ ಒಂದ್ಸಲ ನೋಡಿ ಸ್ವಾಮಿ" ಎಂದರು. ಹುಡುಗ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ನಾನು ಈ ಸಲ ಕೇಳದೆ ಬಿಡಲಿಲ್ಲ.

ಮುಂದಿನ ಬಾರಿ ಮಠದಲ್ಲಿ ಕೈಮುಗಿದು ನಿಂತಾಗ ತಾವೂ ತಮ್ಮ ಬೆರಳುಗಳತ್ತ ಒಮ್ಮೆ ಕಣ್ಣು ಹಾಯಿಸಿ. ಪಕ್ಕದಲ್ಲಿ ನಿಂತ ಅಣ್ಣನದೋ ಮಗನದೋ ಬೆರಳ ತುದಿ ಹಳದಿಯಾಗಿದ್ದರೆ, ಗದರದೆ, ಪ್ರೀತಿಯಿಂದ ಕೇಳಿರಿ.